ನಿಮಗಿದು ಗೊತ್ತೇ? ಪೆಟ್ರೋಲ್ ಕಾರಿನಲ್ಲಿ ಡೀಸೆಲ್ ಸದ್ದು!

ಕಾರು ಅಪ್ಪಟ ಪೆಟ್ರೋಲ್. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದರೆ ಕಟಕಟಕಟ ಎಂದು ಡೀಸೆಲ್ ಸದ್ದು! ಕೆಲವೇ ಸೆಕೆಂಡು, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಶಾಂತ. ಫ್ರಾನ್ಸಿನ ಪುಟ್ಟ ವೇಗದೂತರಾದ ರೆನೋ ಕ್ಲಿಯೋ 172 ಮತ್ತು 182 ಇಟ್ಟುಕೊಂಡವರಿಗೆ ಈ ಸದ್ದು ಚೆನ್ನಾಗಿ ಪರಿಚಯ. ಮಾಡುವವರು ಯಾರು ಗೊತ್ತೇ? ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ನ ತುದಿಯಲ್ಲಿ ಕೂತ, ಒಳಗೊಳಗೇ ಸವೆದುಹೋದ ಒಂದು ಪುಲ್ಲಿ!

ಇದು ಬರೀ ಬೆಲ್ಟ್ ಸುತ್ತುವ ಚಕ್ರವಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್‌ನ ಒತ್ತಡದಿಂದ ಕ್ಯಾಮ್‌ಶಾಫ್ಟ್ ಅನ್ನು ಕೆಲವು ಡಿಗ್ರಿ ಮುಂದಕ್ಕೆ ತಿರುಗಿಸುತ್ತದೆ. ವಾಲ್ವ್‌ಗಳು ಸ್ವಲ್ಪ ಮೊದಲೇ ತೆರೆಯುತ್ತವೆ. ನಿಧಾನಕ್ಕೆ ಹೋಗುವಾಗ ಒಂದು ಸಮಯ, ಜೋರಾಗಿ ಓಡುವಾಗ ಇನ್ನೊಂದು ಸಮಯ. ಅದೂ ತಿರುಗುತ್ತಿರುವ ಚಕ್ರದೊಳಗೇ!

ವೇಗದ ಲೆಕ್ಕ ಕೇಳಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್‌ಗೆ ಒಂದೇ ಸುತ್ತು. ಅದಕ್ಕೇ ಮೇಲಿನ ಕ್ಯಾಮ್ ಪುಲ್ಲಿಗೆ ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಎರಡು ಪಟ್ಟು ಹಲ್ಲು. ಇಷ್ಟು ಆರಾಮಾಗಿ ತಿರುಗಿದರೂ, ಎಂಜಿನ್ 7,000 ಆರ್‌ಪಿಎಂ ಮುಟ್ಟಿದಾಗ ಪ್ರತಿ ವಾಲ್ವ್ ಒಂದು ಸೆಕೆಂಡಿನಲ್ಲಿ 58 ಸಲ ತೆರೆದು ಮುಚ್ಚುತ್ತದೆ!

ಈಗ ನಿಜವಾದ ಸೋಜಿಗಕ್ಕೆ ಬನ್ನಿ. ಕ್ಯಾಮ್‌ಶಾಫ್ಟ್ ಒಂದೇ ದಿಕ್ಕಿಗೆ ತಿರುಗುತ್ತದೆ, ಸರಿ. ಆದರೆ ಪುಲ್ಲಿಯ ಮೇಲೆ ಬೀಳುವ ಬಲ ಒಂದೇ ದಿಕ್ಕಿನದಲ್ಲ! ವಾಲ್ವ್ ತೆರೆಯುವಾಗ ಅದರ ಸ್ಪ್ರಿಂಗು ಕ್ಯಾಮ್ ಅನ್ನು ಹಿಂದಕ್ಕೆ ತಳ್ಳುತ್ತದೆ. ಮುಚ್ಚುವಾಗ ಅದೇ ಸ್ಪ್ರಿಂಗು ಮುಂದಕ್ಕೆ ನೂಕುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಕ್ಯಾಮ್‌ನ ಪ್ರತಿ ಸುತ್ತಿಗೂ ಈ ಎಳೆದಾಟ ನಾಲ್ಕು ಸಲ. ಸಿಗ್ನಲ್‌ನಲ್ಲಿ 800 ಆರ್‌ಪಿಎಂನಲ್ಲಿ ಸುಮ್ಮನೆ ನಿಂತ ಕಾರಿನಲ್ಲೂ ಸೆಕೆಂಡಿಗೆ ಸುಮಾರು 27 ಎಳೆದಾಟ. 7,000ಕ್ಕೆ ಏರಿದರೆ ಸೆಕೆಂಡಿಗೆ 233! ಪುಲ್ಲಿಯನ್ನು ಸವೆಸುವುದು ತಿರುಗಾಟಕ್ಕಿಂತ ಹೆಚ್ಚಾಗಿ ಈ ಪೆಟ್ಟು.

ಹಾಗಾದರೆ ಸದ್ದು ಸ್ಟಾರ್ಟ್ ಮಾಡಿದಾಗ ಮಾತ್ರ ಏಕೆ? ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿಯುತ್ತದೆ. ಪುಲ್ಲಿಯ ಒಳಭಾಗ ಅಲುಗಾಡದಂತೆ ಆಗ ಹಿಡಿದುಕೊಳ್ಳುವುದು ಒಂದು ಸಣ್ಣ ಪಿನ್. ಆ ಪಿನ್ನೋ, ಅದು ಕೂರುವ ಗುಳಿಯೋ ಸವೆದರೆ ಹಿಡಿತ ತಪ್ಪಿತು! ಒಳಗಿನ ಭಾಗ ಹೊರಗಿನ ಭಾಗಕ್ಕೆ ಬಡಿಯುತ್ತಲೇ ಇರುತ್ತದೆ. ಆಯಿಲ್ ಬಂದು ತುಂಬಿದೊಡನೆ ಬಡಿತ ನಿಲ್ಲುತ್ತದೆ. ರೋಗ ಮಾತ್ರ ಅಲ್ಲೇ ಇರುತ್ತದೆ!

ಕ್ಲಿಯೋ ಎಂಜಿನ್ನಿನ ಇನ್ನೊಂದು ವಿಚಿತ್ರ ಕೇಳಿದರೆ ನಂಬಲಾರಿರಿ. ಕ್ಯಾಮ್‌ಶಾಫ್ಟ್ ಮೇಲೆ ಪುಲ್ಲಿ ಜಾರದಂತೆ ತಡೆಯಲು ಕೀ ಇಲ್ಲ! ಹಿಡಿದಿರುವುದು ಬೋಲ್ಟ್‌ನ ಬಿಗಿ ಒಂದೇ. ಅದಕ್ಕೇ ಬೆಲ್ಟ್ ಬದಲಿಸುವಾಗ ಶಾಫ್ಟ್‌ನ ತುದಿಯಲ್ಲಿ ಒಂದು ಹನಿ ಎಣ್ಣೆಯೂ ಉಳಿಯದಂತೆ ಒರೆಸಬೇಕು. ಎಂಜಿನ್ನಿನ ಇನ್ನೊಂದು ಕಡೆಯ ಮುಚ್ಚಳಗಳನ್ನು ತೂತು ಮಾಡಿ ಕಿತ್ತೆಸೆದು, ಕ್ಯಾಮ್‌ಗಳ ಹಿಂತುದಿಯ ಸೀಳುಗಳಿಗೆ ಒಂದು ಪಟ್ಟಿ ತೂರಿಸಿ, ಅವು ಅಲುಗದಂತೆ ಹಿಡಿದು ಬೋಲ್ಟ್ ಬಿಗಿಯಬೇಕು. ಮುಚ್ಚಳ ಪ್ರತಿ ಸಲವೂ ಹೊಸದೇ! ಬೆಲ್ಟ್ ಜೊತೆಗೇ ಪುಲ್ಲಿಯನ್ನೂ ಬದಲಿಸಿಬಿಡಿ ಎಂದು ಕ್ಲಿಯೋ ಬಲ್ಲವರು ಹೇಳುವುದು ಇದಕ್ಕೇ. ಇಷ್ಟು ಬಿಚ್ಚಾಟ ಎರಡು ಸಲ ಯಾರಿಗೆ ಬೇಕು ಹೇಳಿ?

ಕ್ಯಾಮ್ ಟೈಮಿಂಗ್ ಬದಲಿಸುವ ಈ ವಿದ್ಯೆ ಇತ್ತೀಚಿನದು ಅಂದುಕೊಂಡಿರಾ? ಮಾರಾಟದ ಕಾರಿನಲ್ಲಿ ಇದು ಮೊದಲು ಬಂದದ್ದು 1980ರಲ್ಲೇ. ಇಟಲಿಯ ಆಲ್ಫಾ ರೋಮಿಯೋ ಸ್ಪೈಡರ್‌ನಲ್ಲಿ! ಮುಂದೆ ಆಲ್ಫಾದ ಟ್ವಿನ್ ಸ್ಪಾರ್ಕ್ ಎಂಜಿನ್‌ಗಳಲ್ಲೂ ಇಂಥದ್ದೇ ಭಾಗ, ಸವೆದರೆ ಇದೇ ಡೀಸೆಲ್ ಕಟಕಟ!

ಇನ್ನು ಈ ಪುಲ್ಲಿಯನ್ನು ತಿರುಗಿಸುವ ಹಲ್ಲಿನ ರಬ್ಬರ್ ಟೈಮಿಂಗ್ ಬೆಲ್ಟ್ ಹಾಕಿದ ಮೊದಲ ಮಾರುಕಟ್ಟೆ ಕಾರು ಯಾವುದು ಗೊತ್ತೇ? ಫೆರಾರಿ ಅಲ್ಲ, ಪೋರ್ಶೆ ಅಲ್ಲ. 1962ರ ಗ್ಲಾಸ್ 1004! ಜರ್ಮನಿಯ ಬವೇರಿಯಾದ ಈ ಕಂಪನಿ ಕಾರಿಗೆ ಕೈ ಹಾಕುವ ಮೊದಲು ಏನು ಮಾಡುತ್ತಿತ್ತು? ಹೊಲಕ್ಕೆ ಬೀಜ ಬಿತ್ತುವ ಯಂತ್ರ!

ಪಿಯುಸಿ ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಕಣ್ಣು ಕಿರಿದು ಮಾಡಿದ್ದೀರಲ್ಲ? ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞ ಆ ಅಳತೆಪಟ್ಟಿಯನ್ನು 1631ರಲ್ಲೇ ಪ್ರಕಟಿಸಿದ. ಅದೇ ತಂತ್ರ ಇಂದು ರೇಸ್ ಎಂಜಿನ್ನಿನ ಪುಲ್ಲಿಯಲ್ಲೂ ಇದೆ, ಹೆಸರೂ ವರ್ನಿಯರ್ ಪುಲ್ಲಿ! ನಡುಭಾಗಕ್ಕೆ ಒಂದಷ್ಟು ತೂತು, ಹೊರಬಳೆಗೆ ಅದಕ್ಕಿಂತ ಒಂದು ಹೆಚ್ಚು. ಯಾವ ಜೋಡಿ ತೂತು ಒಂದಕ್ಕೊಂದು ಕೂಡಿಸುತ್ತೀರೋ ಅದರಂತೆ ಕ್ಯಾಮ್ ಕೂದಲೆಳೆಯಷ್ಟು ಸರಿಯುತ್ತದೆ. ಇನ್ನು ಕೆಲವಕ್ಕೆ ಉದ್ದನೆಯ ಸೀಳು, ಅದರೊಳಗೆ ಬೋಲ್ಟ್. ಬೋಲ್ಟ್ ಸಡಿಲಿಸಿ, ಸರಿಸಿ, ಬಿಗಿಯಿರಿ. ಅಷ್ಟೇ!

ಬೆಲ್ಟ್ ಅನ್ನೇ ಒಂದು ಹಲ್ಲು ಸರಿಸಿದರೆ ಸಾಲದೇ? ಸಾಲದು! 40 ಹಲ್ಲಿನ ಪುಲ್ಲಿಯಲ್ಲಿ ಒಂದು ಹಲ್ಲೆಂದರೆ ಕ್ಯಾಮ್‌ಗೆ 9 ಡಿಗ್ರಿ. ಕ್ರ್ಯಾಂಕ್ ಲೆಕ್ಕದಲ್ಲಿ ಬರೋಬ್ಬರಿ 18! ಎಂಜಿನ್‌ಗೆ ಬೇಕಾದದ್ದು ಎಷ್ಟೋ ಸಲ ಒಂದೆರಡು ಡಿಗ್ರಿ ಮಾತ್ರ. ಹೆಡ್ ಫೇಸಿಂಗ್ ಮಾಡಿಸಿ ಅದರ ತಳ ತುಸು ಉಜ್ಜಿಹೋದರೂ ಕ್ಯಾಮ್ ಟೈಮಿಂಗ್ ತುಸು ಹಿಂದೆ ಬೀಳುತ್ತದೆ. ಅದನ್ನು ಮತ್ತೆ ಸರಿದಾರಿಗೆ ತರಲು ಈ ಪುಲ್ಲಿಯೇ ಬೇಕು.

ಆದರೆ ಅಂದವಾಗಿ ನೀಲಿ, ಕೆಂಪು ಮಿನುಗುವ ಅಲ್ಯೂಮಿನಿಯಂ ಪುಲ್ಲಿಗಳಿಗೆ ಒಂದು ಶಾಪವಿದೆ. ಅದರ ಮೇಲಿನ ಆನೊಡೈಸ್ ಪದರ ಅಲ್ಯೂಮಿನಿಯಂ ಆಕ್ಸೈಡ್. ನೀಲಮಣಿ, ಮಾಣಿಕ್ಯಗಳ ಮೂಲವಸ್ತುವೂ ಅದೇ! ಬಲು ಗಟ್ಟಿ, ಆದರೆ ಬಲು ತೆಳು. ಅದು ಸವೆದು ಮೆದು ಲೋಹ ಹೊರಬಂತೋ, ಧೂಳು ಹತ್ತಿದ ಬೆಲ್ಟು ಉಪ್ಪುಕಾಗದದಂತೆ ಉಜ್ಜತೊಡಗುತ್ತದೆ. ಹಲ್ಲು ಚೂಪಾಗುತ್ತದೆ. ಚೂಪಾದ ಹಲ್ಲು ತಿರುಗಿ ಬೆಲ್ಟನ್ನೇ ಕಡಿಯುತ್ತದೆ! ಲೋಹವನ್ನೇ ಮೆತ್ತನೆಯ ರಬ್ಬರು ತಿಂದುಹಾಕುವುದೆಂದರೆ ಇದಕ್ಕಿಂತ ಸೋಜಿಗ ಬೇಕೇ?

ಕಂಪನಿಯಿಂದಲೇ ಬರುವ ಎಷ್ಟೋ ಪುಲ್ಲಿಗಳ ಹುಟ್ಟೂ ಸ್ವಾರಸ್ಯವೇ. ಅವನ್ನು ಎರಕ ಹೊಯ್ಯುವುದಿಲ್ಲ. ಕಬ್ಬಿಣದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1,120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಕಬ್ಬಿಣ ಕರಗುವುದಿಲ್ಲ. ಆದರೂ ಕಣಕ್ಕೆ ಕಣ ಬೆಸೆದುಕೊಳ್ಳುತ್ತದೆ!

ಬಿಎಂಡಬ್ಲ್ಯೂ ಎಂ3 ಕಾರಿನ ಇ46 ಮಾದರಿಯಲ್ಲಿ ಬೆಲ್ಟ್ ಇಲ್ಲ, ಚೈನು. ಅಲ್ಲಿ ಕ್ಯಾಮ್ ಸರಿಸುವ ಆಯಿಲ್‌ನ ಒತ್ತಡ 100 ಬಾರ್‌ಗೂ ಹೆಚ್ಚು. ನಿಮ್ಮ ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ! ಆ ಭಾರೀ ಪಂಪನ್ನು ತಿರುಗಿಸುವುದು ಎಕ್ಸಾಸ್ಟ್ ಕ್ಯಾಮ್‌ನ ಎರಡು ಪುಟ್ಟ ಲೋಹದ ನಾಲಿಗೆಗಳು. ಸ್ವಲ್ಪ ಸಡಿಲವಿದ್ದರೂ ಬಡಿದು ಬಡಿದು ಬಿರುಕು ಬಿಟ್ಟು ಮುರಿಯುತ್ತವೆ!

ಇವೆಲ್ಲ ಹೊರದೇಶದ ರೇಸ್ ಕಾರುಗಳ ಕಥೆ ಅಂದುಕೊಳ್ಳಬೇಡಿ. ನಮ್ಮ ಬಿಡದಿಯಲ್ಲಿ ತಯಾರಾದ ಪೆಟ್ರೋಲ್ ಇನ್ನೋವಾದಲ್ಲೂ ಆಯಿಲ್ ಬಲದಿಂದ ಕ್ಯಾಮ್ ಸರಿಸುವ ವ್ಯವಸ್ಥೆ ಇದೆ. ವಿವಿಟಿ-ಐ ಎಂಬ ಅಕ್ಷರಗಳ ಹಿಂದಿರುವುದು ಅದೇ!

ಸವೆತಕ್ಕೆ ಮದ್ದೇನು? ಸರಿಯಾದ ಆಯಿಲ್, ಸರಿಯಾದ ಮಟ್ಟ, ಹೊತ್ತಿಗೆ ಸರಿಯಾಗಿ ಬದಲಾವಣೆ. ಈ ಪುಲ್ಲಿಗೆ ಆಯಿಲ್ಲೇ ಸ್ನಾಯು, ಆಯಿಲ್ಲೇ ಬ್ರೇಕು! ವರ್ನಿಯರ್ ಪುಲ್ಲಿ ಹಾಕಿಸಿದವರಿಗೆ ಇನ್ನೊಂದು ಸುಲಭ ಉಪಾಯ: ಬೋಲ್ಟ್ ಬಿಗಿದ ಮೇಲೆ ನಡುಭಾಗದಿಂದ ಹೊರಬಳೆಯವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಸಲ ನೋಡಿದಾಗ ಗೆರೆ ಮುರಿದಿದ್ದರೆ ಪುಲ್ಲಿ ಜಾರಿದೆ ಎಂದೇ ಅರ್ಥ!

ಜಾರಿದರೆ ಏನು ಮಹಾ ಎನ್ನಬೇಡಿ. ಇಂಥ ಬಹುತೇಕ ಎಂಜಿನ್‌ಗಳಲ್ಲಿ ವಾಲ್ವ್ ಇಳಿಯುವ ಜಾಗಕ್ಕೇ ಪಿಸ್ಟನ್ನೂ ಏರಿ ಬರುತ್ತದೆ. ಎರಡೂ ಡಿಕ್ಕಿಯಾಗದೆ ಕಾಯುವುದು ಟೈಮಿಂಗ್ ಒಂದೇ. ಅದು ತೀರಾ ತಪ್ಪಿದರೆ ವಾಲ್ವ್ ಬಾಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ, ಖರ್ಚು ಪುಲ್ಲಿಯ ಬೆಲೆಯನ್ನು ಎಲ್ಲೋ ದಾಟಿ ಹೋಗುತ್ತದೆ! ಆದ್ದರಿಂದ ಬೆಲ್ಟ್ ಬದಲಿಸುವ ದಿನ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿಬಿಡಿ: “ಪುಲ್ಲಿಯ ಹಲ್ಲೂ ನೋಡಿದ್ರಾ?”