ಒಂದೇ ಜೀನ್, ಎರಡು ತೂಬು

ರಾಯಚೂರು ಸೀಮೆಯ ಊಟದಲ್ಲಿ ಎರೆಹೊಲದ ಹಿಂಗಾರಿ ಜೋಳವೂ ಇದೆ, ಕಾಲುವೆ ನೀರಿನ ಭತ್ತವೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ಬಂದ ಮೇಲೆ ರೊಟ್ಟಿಯ ಪಕ್ಕದಲ್ಲಿ ಅನ್ನದ ಪಾಲು ಬೆಳೆಯಿತು. ಹಾಗಾಗಿ ಸಕ್ಕರೆ ಕಾಯಿಲೆಯ ಮಾತು ಬಂದಾಗ ಕೆಲವರು ಅನ್ನವನ್ನು ದೂರುತ್ತಾರೆ, ಕೆಲವರು ವಂಶವನ್ನು. ಎರಡರಲ್ಲೂ ಹುರುಳಿದೆ. ಆದರೆ ಅನ್ನಕ್ಕೂ ವಂಶಕ್ಕೂ ನಡುವೆ ಒಂದು ಕೊಂಡಿ ಇದೆ: ಯಾವ ಅಂಗದಲ್ಲಿ ಯಾವ ಜೀನ್ ಯಾವಾಗ ಕೆಲಸಕ್ಕಿಳಿಯುತ್ತದೆ ಎಂಬುದು. ಅದನ್ನು ಬಿಟ್ಟರೆ ಎರಡು ವಿವರಣೆಗಳೂ ದಾರಿ ತಪ್ಪಿಸುತ್ತವೆ.

ರೊಟ್ಟಿಯಾಗಲಿ ಅನ್ನವಾಗಲಿ ಅದರ ಪಿಷ್ಟ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ಜೀವಕೋಶದೊಳಗೆ ಹೋದ ಗ್ಲೂಕೋಸಿಗೆ ಮೊದಲು ಒಂದು ಫಾಸ್ಫೇಟ್ ಅಂಟಬೇಕು. ಮಿದುಳು ಮತ್ತು ಸ್ನಾಯುಗಳಲ್ಲಿ ಈ ಕೆಲಸ ಹೆಕ್ಸೋಕೈನೇಸ್ ಕಿಣ್ವಗಳದ್ದು. ಸಕ್ಕರೆ ತೀರ ಕಡಿಮೆ ಇದ್ದಾಗಲೂ ಅವು ಪೂರ್ಣ ವೇಗದ ಹತ್ತಿರ ಇರುತ್ತವೆ. ಯಕೃತ್ತಿನಲ್ಲಿರುವ ಗ್ಲೂಕೋಕೈನೇಸ್ ಹಾಗಲ್ಲ. ಗ್ಲೂಕೋಸ್ ಪ್ರಮಾಣ ಡೆಸಿಲೀಟರಿಗೆ ಸುಮಾರು 140 ಮಿಲಿಗ್ರಾಂ ಮುಟ್ಟಿದಾಗಷ್ಟೇ ಅದು ಅರ್ಧ ವೇಗಕ್ಕೆ ಬರುತ್ತದೆ. ಅಂದರೆ ಉಂಡ ಮೇಲೆ ಹೆಚ್ಚಾದ ಸಕ್ಕರೆಯನ್ನು ಹಿಡಿದಿಡುವುದು ಅದರ ಪಾಲಿನ ಕೆಲಸ.

ಈ ಗ್ಲೂಕೋಕೈನೇಸಿನ ಜೀನ್ 7ನೇ ವರ್ಣತಂತುವಿನಲ್ಲಿದೆ, ಎಲ್ಲ ಕೋಶಗಳಲ್ಲೂ ಇದೆ. ಅದು ಎಚ್ಚರವಾಗಿರುವುದು ಮಾತ್ರ ಕೆಲವೇ ಕಡೆ. ಮುಖ್ಯವಾಗಿ ಯಕೃತ್ತಿನಲ್ಲಿ ಮತ್ತು ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಈ ಎರಡು ಕಡೆ ಅದನ್ನು ತೆರೆಯುವ ನಿಯಂತ್ರಕ ಭಾಗಗಳು ಬೇರೆ ಬೇರೆ ಎಂದು ಮ್ಯಾಗ್ನುಸನ್ ಮತ್ತು ಶೆಲ್ಟನ್ 1989ರಲ್ಲಿ ಇಲಿಗಳಲ್ಲಿ ತೋರಿಸಿದರು. ಒಂದೇ ಕಾಲುವೆಗೆ ಎರಡು ಕಡೆ ತೂಬು ಇಟ್ಟು, ಬೇರೆ ಬೇರೆ ನೀರಗಂಟಿಗಳ ಕೈಗೆ ಕೊಟ್ಟ ಹಾಗೆ. ಯಕೃತ್ತಿನದು ಇನ್ಸುಲಿನ್ ಹೇಳಿದಾಗ ತೆರೆಯುತ್ತದೆ, ಉಪವಾಸದಲ್ಲಿ ಮುಚ್ಚುತ್ತದೆ. ಬೀಟಾ ಕೋಶದ್ದು ಇನ್ಸುಲಿನ್ನಿಗೆ ಕಾಯುವುದಿಲ್ಲ. ಕಾಯುವಂತೆಯೂ ಇಲ್ಲ: ರಕ್ತದ ಸಕ್ಕರೆಯನ್ನು ಅಳೆದು ಇನ್ಸುಲಿನ್ ಬಿಡಿಸುವುದೇ ಅಲ್ಲಿನ ಗ್ಲೂಕೋಕೈನೇಸ್. ಅಳೆಯುವ ಕಿಣ್ವವೇ ಇನ್ಸುಲಿನ್ನಿಗಾಗಿ ಕಾದಿದ್ದರೆ ಒಂದು ದಿನದ ಉಪವಾಸದ ನಂತರ ದೇಹ ಮತ್ತೆ ಚೇತರಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು. ಹರಿದಾಸ ಜಗನ್ನಾಥದಾಸರ ಊರಾದ ಮಾನ್ವಿಯಲ್ಲಿ ಏಕಾದಶಿ ಮಾಡುವವರ ದೇಹವೂ ರಂಜಾನ್ ಉಪವಾಸವಿರುವವರ ದೇಹವೂ ಈ ವ್ಯವಸ್ಥೆಯನ್ನೇ ನಂಬಿರುತ್ತವೆ. ಆಗ ಗ್ಲೂಕಗಾನ್ ಎಂಬ ಹಾರ್ಮೋನು ಏರಿ, ಗ್ಲೂಕೋಸ್ ಹೊರಬಿಡುವ ಕಿಣ್ವಗಳ ಜೀನ್‌ಗಳು ಯಕೃತ್ತಿನಲ್ಲಿ ಚುರುಕಾಗುತ್ತವೆ. ಅಂಥ ಕಿಣ್ವಗಳಲ್ಲೊಂದಾದ ಗ್ಲೂಕೋಸ್-6-ಫಾಸ್ಫಟೇಸ್ ಸ್ನಾಯುಗಳಲ್ಲಿ ಇಲ್ಲದ್ದರಿಂದ ಅವು ಕೂಡಿಟ್ಟ ಸಕ್ಕರೆ ಅವುಗಳಿಗೇ ಮೀಸಲು.

ಅಂಗಾಂಗ ಭೇದ ಅಷ್ಟು ದೊಡ್ಡದೇ ಎಂದು ಕೇಳಬಹುದು. 1999ರಲ್ಲಿ ಇದೇ ಜೀನನ್ನು ಇಲಿಗಳ ಯಕೃತ್ತಿನಲ್ಲಿ ಮಾತ್ರ ಅಳಿಸಿದಾಗ ಸಕ್ಕರೆ ಅಲ್ಪ ಏರಿತು. ಬೀಟಾ ಕೋಶಗಳಲ್ಲಿ ಮಾತ್ರ ಅಳಿಸಿದಾಗ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀವ್ರ ಮಧುಮೇಹದಿಂದ ಸತ್ತವು. ಇಲಿಯ ಮಾತು ಮನುಷ್ಯನಿಗೆ ಸಲ್ಲದು ಎನ್ನುವವರಿಗೂ ಉತ್ತರವಿದೆ. ಈ ಜೀನಿನ ಒಂದು ಪ್ರತಿ ಕೆಟ್ಟ ಕುಟುಂಬಗಳು ಫ್ರಾನ್ಸಿನಲ್ಲಿ 1992ರಲ್ಲಿ ಗುರುತಾದವು. ಇಂಥವರಿಗೆ ಖಾಲಿ ಹೊಟ್ಟೆಯ ಸಕ್ಕರೆ ಹುಟ್ಟಿನಿಂದ ಸ್ವಲ್ಪ ಹೆಚ್ಚು, ಬಹುಪಾಲು ಮಂದಿಗೆ ಔಷಧವೇ ಬೇಡ. ಎರಡೂ ಪ್ರತಿ ಕೆಟ್ಟ ಮಗುವಿಗೆ ಮಾತ್ರ ಹುಟ್ಟಿನಿಂದಲೇ ಮಧುಮೇಹ.

ಹಾಗಾದರೆ ಕಾಲುವೆಯ ಅಕ್ಕಿ ನಮ್ಮ ಜೀನನ್ನು ಬದಲಿಸಿತೇ? ಎರಡು ಮೂರು ತಲೆಮಾರಿನಲ್ಲಿ ಇಡೀ ಸೀಮೆಯ ಜನರ ಜೀನ್‌ಗಳು ಬದಲಾಗುವುದಿಲ್ಲ. ಬದಲಾಗುವುದು ಅವಕ್ಕೆ ಸಿಗುವ ಸೂಚನೆ. ಪಾಲಿಶ್ ಮಾಡಿದ ಅಕ್ಕಿ ಬೇಗ ಜೀರ್ಣವಾಗಿ ಇನ್ಸುಲಿನ್ನನ್ನು ಮೇಲೆತ್ತುತ್ತದೆ. ಮೈಯಲ್ಲಿ ಬೊಜ್ಜು ಬೆಳೆದು ಇನ್ಸುಲಿನ್ನಿಗೆ ಯಕೃತ್ತು ಮೊಂಡಾದಾಗಲೂ ಮೊಂಡುತನ ಎಲ್ಲ ಜೀನ್‌ಗಳಿಗೂ ಸಮನಾಗಿರುವುದಿಲ್ಲ: ಗ್ಲೂಕೋಸ್ ಹೊರಬಿಡುವುದನ್ನು ನಿಲ್ಲಿಸಬೇಕಾದಲ್ಲಿ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ, ಕೊಬ್ಬು ಕಟ್ಟುವ ಜೀನ್‌ಗಳ ಮೇಲೆ ಇನ್ನೂ ನಡೆಯುತ್ತದೆ. ಅನ್ನವೊಂದನ್ನೇ ದೂರುವುದೂ ಸರಿಯಲ್ಲ, ಮೈ ಎಷ್ಟು ದುಡಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಭತ್ತದ ನಾಟಿಗೆ, ಹತ್ತಿ ಬಿಡಿಸಲು ಹೋಗುವವರ ಸ್ನಾಯುಗಳು ದುಡಿಯುವ ಹೊತ್ತಿನಲ್ಲಿ ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಗ್ಲೂಕೋಸನ್ನು ಒಳಗೆ ಬಿಡುವ ಪ್ರೋಟೀನಿನ ಮತ್ತು ಸ್ನಾಯುವಿನ ಹೆಕ್ಸೋಕೈನೇಸಿನ ಜೀನ್‌ಗಳು ದುಡಿಮೆಯ ನಂತರ ಗಂಟೆಗಟ್ಟಲೆ ಚುರುಕಾಗಿರುತ್ತವೆ. ರಾಯಚೂರು ನಗರದ ಅಂಗಡಿ, ಕಚೇರಿಗಳಲ್ಲಿ ಕುಳಿತೇ ದಿನ ಕಳೆಯುವವರಿಗೆ ಅದೇ ಅನ್ನ ಬೇರೆ ಪರಿಣಾಮ ಮಾಡುತ್ತದೆ. ದುಡಿಮೆ ನಿಂತ ಕೆಲವೇ ದಿನಗಳಲ್ಲಿ ಸ್ನಾಯುವಿನ ಈ ಹೆಚ್ಚುವರಿ ಶಕ್ತಿ ಕುಗ್ಗುತ್ತದೆ, ಮತ್ತೆ ದುಡಿದರೆ ಮರಳುತ್ತದೆ.