ತಾಮ್ರ ಏರಿದಾಗ, ಸತು ಇಳಿದಾಗ

ಆದೋನಿ, ಆಲೂರು, ಕೋಸಿಗಿ ಕಡೆ ಬೆಳಗಾದರೆ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಈ ಎರೆಮಣ್ಣಿನ ಸೀಮೆಯಲ್ಲಿ ಖಾರಕ್ಕೆ ಹೆದರುವವರು ಕಡಿಮೆ. ಅಂಥ ಊರಿನ ಮೂವತ್ತರೊಳಗಿನ ಹುಡುಗ ಒಮ್ಮೆಲೇ ‘ಬಾಯಿ ಉರೀತದ, ಬಜ್ಜಿ ಬ್ಯಾಡ’ ಎಂದರೆ ಉಷ್ಣವಾಗಿದೆ ಎಂದು ಸುಮ್ಮನಾಗಬಾರದು. ಅವನು ಗುಟ್ಕಾ, ಪಾನ್ ಮಸಾಲಾ ಅಥವಾ ಬರೀ ಅಡಿಕೆ ಅಗಿಯುತ್ತಾನೆಯೇ ಎಂದು ಮೊದಲು ಕೇಳಬೇಕು.

ಖಾರ ತಡೆಯಲಾಗದಿರುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯ ಮೊದಲ ಸೂಚನೆಗಳಲ್ಲೊಂದು. ಕೆನ್ನೆಯ ಒಳಪದರ ಬಿಳಿಚಿ, ಬಿರುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿ ಬರೆದರು. ಕೇರಳದ ಎರ್ನಾಕುಲಂನಲ್ಲಿ 66 ರೋಗಿಗಳನ್ನು 17 ವರ್ಷ ಗಮನಿಸಿದಾಗ ಶೇ. 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು.

ಈ ಕಥೆಯಲ್ಲಿ ತಾಮ್ರಕ್ಕೂ ಒಂದು ಪಾತ್ರವಿದೆ. ನಾವು ತಿನ್ನುವ ಬೇರೆ ಬೀಜ, ಕಾಯಿಗಳಿಗಿಂತ ಅಡಿಕೆಯಲ್ಲಿ ತಾಮ್ರ ಹೆಚ್ಚು. ಅಗಿದಾಗ ಅದು ಎಂಜಲಿಗೆ ಬಿಟ್ಟುಕೊಳ್ಳುತ್ತದೆ. ಮಲೆನಾಡಿನ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಆ ತಾಮ್ರವೂ ಸೇರಿರಬಹುದೆಂಬ ಶಂಕೆ ಸಂಶೋಧಕರಲ್ಲಿದೆ. ಬಾಯಿಯ ಅಂಗಾಂಶದಲ್ಲಿ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ತಾಮ್ರವಿಲ್ಲದೆ ಅದು ಕೆಲಸ ಮಾಡದು. ಹಗ್ಗದ ಎಳೆಗಳಿಗೆ ಅಲ್ಲಲ್ಲಿ ಗಂಟು ಹಾಕುವಂತೆ ಅದು ಕೊಲಾಜನ್ ನಾರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಗಾಯ ಮಾಯಲು ಈ ಬಿಗಿತ ಬೇಕು; ಅತಿಯಾದರೆ ಕೆನ್ನೆಯೇ ಮರಗಟ್ಟುತ್ತದೆ. ತಾಮ್ರ ಒಂಟಿ ಅಪರಾಧಿಯಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಸತ್ವವೂ ನಾರು ಹೆಚ್ಚಿಸುತ್ತದೆ, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಏರುತ್ತದೆ.

ಹಾಗಾದರೆ ರಕ್ತದಲ್ಲಿ ತಾಮ್ರ ಅಳೆದು ಕ್ಯಾನ್ಸರನ್ನು ಮೊದಲೇ ಹಿಡಿಯಬಹುದೇ? ಅಳೆಯುವ ಯಂತ್ರವಂತೂ ಇದೆ: ಅಟಾಮಿಕ್ ಅಬ್ಸಾರ್ಪ್ಷನ್ ಸ್ಪೆಕ್ಟ್ರೋಮೀಟರ್. ಆಸ್ಟ್ರೇಲಿಯಾದ ಅಲನ್ ವಾಲ್ಷ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಪ್ರತಿ ಧಾತುವೂ ತನಗೇ ಮೀಸಲಾದ ಬಣ್ಣದ ಬೆಳಕನ್ನು ಮಾತ್ರ ಹೀರುತ್ತದೆ ಎಂಬುದೇ ಇದರ ತಳಹದಿ. ತಾಮ್ರ ಬೇಕೆಂದರೆ ಒಳಗೆ ತಾಮ್ರವೇ ಇರುವ ದೀಪ ಹಚ್ಚುತ್ತಾರೆ, ಅದು 324.8 ನ್ಯಾನೋಮೀಟರಿನ ಬೆಳಕು ಬೀರುತ್ತದೆ. ಸತುವಿಗೆ ಬೇರೆ ದೀಪ, 213.9 ನ್ಯಾನೋಮೀಟರು. ಎರಡೂ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ. ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ತೆಳ್ಳಗೆ ಮಾಡಿ, ಗಾಳಿ ಮತ್ತು ಅಸಿಟಿಲೀನ್ ಅನಿಲದ ಉರಿಗೆ ತುಂತುರಾಗಿ ಬಿಡುತ್ತಾರೆ. ಎರಡು ಸಾವಿರ ಡಿಗ್ರಿ ದಾಟಿದ ಆ ಕಾವಿನಲ್ಲಿ ಲೋಹದ ಪರಮಾಣುಗಳು ಬಿಡಿಯಾಗಿ, ದೀಪದ ಬೆಳಕಿನ ಒಂದು ಪಾಲನ್ನು ನುಂಗುತ್ತವೆ. ಎಷ್ಟು ಬೆಳಕು ತಗ್ಗಿತೋ ಅದರಿಂದ ಲೋಹದ ಲೆಕ್ಕ ಸಿಗುತ್ತದೆ.

ಹೀಗೆ ಅಳೆದ ಹಲವು ಅಧ್ಯಯನಗಳು ಒಂದೇ ದಿಕ್ಕನ್ನು ತೋರುತ್ತವೆ. ಬಾಯಿಯ ಕ್ಯಾನ್ಸರ್ ಇದ್ದವರಲ್ಲಿ ತಾಮ್ರ ಏರಿರುತ್ತದೆ. ಸತು, ಕಬ್ಬಿಣ, ಸೆಲೆನಿಯಂ ಇಳಿದಿರುತ್ತವೆ. ತಾಮ್ರಕ್ಕೂ ಸತುವಿಗೂ ಇರುವ ಅನುಪಾತ ಬಿಡಿ ಅಂಕಿಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆ.

ಆದರೆ ಇಷ್ಟರಿಂದಲೇ ತೀರ್ಪು ಕೊಡುವಂತಿಲ್ಲ. ರಕ್ತದ ತಾಮ್ರದ ಬಹುಪಾಲು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಜೊತೆ ಸಾಗುತ್ತದೆ. ಯಾವುದೇ ಸೋಂಕು, ಉರಿಯೂತ ಬಂದರೂ ಯಕೃತ್ತು ಈ ಪ್ರೋಟೀನನ್ನು ಹೆಚ್ಚಿಸುತ್ತದೆ. ಬಸುರಿಯರಲ್ಲೂ ಅದು ಏರುತ್ತದೆ. ಸತು ಊಟವಾದ ಮೇಲೆ ತುಸು ಇಳಿಯುತ್ತದೆ. ಕೆಂಪು ರಕ್ತಕಣ ಒಡೆದರೆ, ಶೀಶೆಯ ರಬ್ಬರ್ ಬಿರಡೆ ಸೋಕಿದರೆ ಸುಳ್ಳೇ ಏರುತ್ತದೆ. ಕಬ್ಬಿಣ ಕಡಿಮೆಯಿರುವುದು ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಜೊತೆಗೆ, ಲೋಹ ಏರುಪೇರಾಗಿದ್ದರಿಂದ ಕ್ಯಾನ್ಸರ್ ಬಂತೋ, ಕ್ಯಾನ್ಸರ್ ಬಂದು ಊಟ ಸೇರದೆ ಲೋಹ ಏರುಪೇರಾಯಿತೋ ಎಂಬುದನ್ನು ಒಂದೇ ಸಲದ ರಕ್ತಪರೀಕ್ಷೆ ಹೇಳಲಾರದು. ಆದ್ದರಿಂದ ಸದ್ಯಕ್ಕೆ ಇದು ರೋಗದ ಒಳಗುಟ್ಟು ಬಿಡಿಸುವ ಸಂಶೋಧಕರ ಸಾಧನ. ರೋಗವನ್ನು ಖಚಿತಪಡಿಸುವುದು ಬಯಾಪ್ಸಿ ಮಾತ್ರ.

ಶ್ವಾಸಕೋಶ, ಮೇದೋಜೀರಕಗಳಂತೆ ಬಾಯಿ ಒಳಗೆ ಅಡಗಿದ ಅಂಗವಲ್ಲ. ಕನ್ನಡಿಯೊಂದಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಆದರೂ ದೇಶದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಮಂದಿಯಲ್ಲಿ ತುಟಿ, ಬಾಯಿಯ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಳ್ಳುತ್ತಿದೆ, ಅನೇಕರಲ್ಲಿ ತಡವಾಗಿ. ಗುಟ್ಕಾ ನಿಷೇಧವಾದ ಮೇಲೂ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಮಾರಾಟವಾಗಿ ಅಂಗೈಯಲ್ಲಿ ಒಂದಾಗುತ್ತವೆ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ.

ಅಡಿಕೆ ಅಗಿಯುವ ಅಭ್ಯಾಸವಿದ್ದವರು ಇವತ್ತೇ ಒಂದು ಪರೀಕ್ಷೆ ಮಾಡಿಕೊಳ್ಳಿ: ನಿಮ್ಮ ಮೂರು ಬೆರಳು ನಿಲುವಾಗಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ, ಕೆಂಪು ಕಲೆ ಕಂಡರೆ ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೋ ಕರ್ನೂಲಿನ ಸರ್ಕಾರಿ ಆಸ್ಪತ್ರೆಗೋ ಹೋಗಿ ತೋರಿಸಿ. ನೋವಿಲ್ಲವೆಂದು ಕಾಯಬೇಡಿ, ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ.