ತೇಪೆಯೂ ಕಸೂತಿಯೂ

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಹೆಣ್ಣುಮಕ್ಕಳು ಜೀನ್ಸ್ ಉಡುಪಿಗೆ ಹೂವು, ಸೂರ್ಯ, ಚಿಟ್ಟೆಗಳ ಕಸೂತಿಯುಳ್ಳ ತೇಪೆಗಳನ್ನು ಹಚ್ಚಿಕೊಳ್ಳುವುದನ್ನು ಕಂಡು, "ಹರಿಯದ ಬಟ್ಟೆಗೆ ತೇಪೆಯೇಕೆ, ಅಕ್ಕಾವರೇ?" ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವೆನು.

ಈ ರೂಢಿಯು 1960ರ ದಶಕದ ಕೊನೆಯಲ್ಲಿ ಅಮೇರಿಕ ದೇಶದ ಹಿಪ್ಪಿಗಳೆಂಬ ತರುಣ ತರುಣಿಯರಲ್ಲಿ ಹಬ್ಬಿತು. ಹೊಸ ಉಡುಪನ್ನು ಕೊಳ್ಳುವುದಕ್ಕಿಂತ ಹಳೆಯದನ್ನು ತಾವೇ ಹೊಲಿದು ಸಿಂಗರಿಸುವುದು ಮೇಲೆಂದು ಅವರು ಎಣಿಸಿದರು. ಭಾರತದ ಕನ್ನಡಿಗೆಲಸದ ಅರಿವೆಗಳನ್ನೂ ಮೆಚ್ಚಿ ಧರಿಸಿದರು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವರಾದ ನಮಗೆ ಇದು ಹೊಸತಲ್ಲ. ನಾವು ಹೊದೆಯುವ ಕೌದಿಯು ಹಳೆಯ ಸೀರೆ ಧೋತರಗಳ ತುಂಡುಗಳಿಂದಲೇ ಆದುದು. ತಾಂಡಾಗಳ ಲಂಬಾಣಿ ತಾಯಂದಿರು ಕಾಂಚಳಿ, ಫೇಟಿಯಾಗಳ ಮೇಲೆ ಬಣ್ಣದ ತುಂಡುಗಳನ್ನಿಟ್ಟು ಹೊಲಿದು, ಕನ್ನಡಿ ಕವಡೆಗಳನ್ನು ಕೂಡಿಸುವರು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರಲ್ಲಿ ಹಂಪೆಯಲ್ಲಿ ಜಿ-20 ಸಭೆಯು ನೆರೆದಾಗ, 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರ ಕೈಗೆಲಸದ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಸೇರಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ನಾನು ಹೊಸದಾಗಿ ಉಪಾಧ್ಯಾಯಿನಿಯಾಗಿದ್ದಾಗ, ತಾಂಡಾದ ಹುಡುಗಿಯೊಬ್ಬಳು ಸಮವಸ್ತ್ರದ ಹರಿದ ತೋಳಿಗೆ ಕನ್ನಡಿಯ ತೇಪೆಯನ್ನು ಹಚ್ಚಿಕೊಂಡು ಬಂದಳು. ಇದು ನಿಯಮಕ್ಕೆ ಒಪ್ಪದೆಂದು ಎಲ್ಲರೆದುರು ಗದರಿಸಿದೆನು. ಮರುದಿನ ತೇಪೆಯಿರಲಿಲ್ಲ, ತೂತು ಹಾಗೆಯೇ ಇತ್ತು. ಅವಳ ತಾಯಿಯು ರಾತ್ರಿ ಕುಳಿತು ಹೊಲಿದುದನ್ನು ಅವಳೇ ಬಿಚ್ಚಿದ್ದಳು. ಆಮೇಲೆ ಅವಳು ತರಗತಿಯಲ್ಲಿ ಆ ತೋಳನ್ನು ಮೇಜಿನ ಕೆಳಗಿಟ್ಟುಕೊಂಡೇ ಕೂಡುತ್ತಿದ್ದಳು.

ಇನ್ನು ಕೆಲಸದ ಕ್ರಮ. ಹೊಸ ಅರಿವೆಯ ತೇಪೆಯನ್ನು ಹಳೆಯ ವಸ್ತ್ರಕ್ಕೆ ಹಚ್ಚಬಾರದೆಂಬ ಸುವಾರ್ತೆಯ ದೃಷ್ಟಾಂತವನ್ನು ನೀವು ಬಲ್ಲಿರಿ. ಅದು ಹೊಲಿಗೆಯ ಪಾಠವೂ ಹೌದು. ಹೊಸ ಹತ್ತಿಯ ಅರಿವೆಯು ನೀರು ಬಿದ್ದೊಡನೆ ಕುಗ್ಗಿ, ಸವೆದ ಬಟ್ಟೆಯನ್ನು ಎಳೆದು ಹರಿಯುವುದು. ಆದುದರಿಂದ ತೇಪೆಯನ್ನು ಮೊದಲೇ ತೊಳೆದು ಒಣಗಿಸಬೇಕು. ಕೆಂಪು ಅರಿವೆಯಾದರೆ ಬಣ್ಣ ಬಿಡುವುದೋ ಎಂದು ಬಿಳಿಯ ಚಿಂದಿಯಿಂದ ಒರಸಿ ನೋಡಬೇಕು. ತೂತಿಗಿಂತ ಸುತ್ತಲೂ ಎರಡು ಬೆರಳು ಅಗಲವಾಗಿ ಕತ್ತರಿಸಿ, ಅಂಚನ್ನು ಒಳಮಡಿಸಿ, ಕಚ್ಚಾ ಹೊಲಿಗೆ ಹಾಕಿಕೊಂಡು, ಬಳಿಕ ಸಣ್ಣ ಸಣ್ಣ ಹೊಲಿಗೆಯಿಂದ ಭದ್ರಪಡಿಸುವುದು. ಕಸೂತಿಯನ್ನು ತೇಪೆಯ ಮೇಲೆ ಮೊದಲೇ ಹಾಕಿಕೊಂಡರೆ ಕೈಗೆ ಸುಲಭ. ಕನ್ನಡಿಯ ಬಿಲ್ಲೆಗೆ ರಂಧ್ರವಿರುವುದಿಲ್ಲ. ಅದರ ಮೇಲೆ ದಾರವನ್ನು ಅಡ್ಡಲಾಗಿಯೂ ಉದ್ದವಾಗಿಯೂ ಹಾಯಿಸಿ ಚೌಕಟ್ಟು ಮಾಡಿ, ಆ ದಾರಗಳನ್ನೇ ಹಿಡಿದು ಸುತ್ತಲೂ ಹೊಲಿಯುತ್ತ ಬಂದರೆ ಬಿಲ್ಲೆಯು ಅಲುಗದು. ಪುಸ್ತಕದಿಂದ ಇದು ಬರುವುದಿಲ್ಲ, ಕೈಯನ್ನು ನೋಡಿಯೇ ಕಲಿಯಬೇಕು.

ಈ ವರ್ಷ ಎಂಟನೆಯ ತರಗತಿಯ ಹೊಲಿಗೆಯ ಅವಧಿಗೆ ತಾಂಡಾದ ತಾಯಿಯೊಬ್ಬರು ಶನಿವಾರಗಳಂದು ಬಂದು ಕಲಿಸುತ್ತಿರುವರು. ಸಮವಸ್ತ್ರಕ್ಕೂ ತೇಪೆ ಹಚ್ಚಬಹುದೆಂದು ನಿಯಮವನ್ನು ತಿದ್ದಿರುವೆನು. ಮನೆಯಲ್ಲಿ ಬಳಸದ ಹತ್ತಿಯ ಬಟ್ಟೆಗಳಿದ್ದರೆ ದಯಮಾಡಿ ತೊಳೆದು ಕಳುಹಿಸಿರಿ.